ಧ್ರುವದ ಕಲ್ಲುಹೂವುಗಳು: ಒಂದೇ ಥರ ಕಾಣುವ ಪ್ರಭೇದಗಳನ್ನು ಡಿಎನ್‌ಎ ಹಿಡಿದು ಗುರುತಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದುವ ವಿದ್ಯಾರ್ಥಿಗಳು ಮತ್ತು ಧ್ರುವ ಸಂಶೋಧನೆಯಲ್ಲಿ ಆಸಕ್ತಿ ಇರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತಂದಿದ್ದೇನೆ. ಹೆಚ್ಚಿನ ಉತ್ತರಗಳು ಅಂಟಾರ್ಕ್ಟಿಕಾದ ಒಂದು ಜೋಡಿಯ ಸುತ್ತ ತಿರುಗುತ್ತವೆ. ಈ ವಿಷಯದ ಕಷ್ಟಗಳೆಲ್ಲ ಆ ಜೋಡಿಯಲ್ಲಿ ಒಂದೊಂದಾಗಿ ಎದುರಾಗಿವೆ, ಅದಕ್ಕೆ.

ಕಲ್ಲುಹೂವು ಅಂದರೆ ಮಸಾಲೆಗೆ ಹಾಕುವುದಲ್ಲವೇ? ಅದು ಅಂಟಾರ್ಕ್ಟಿಕಾದಲ್ಲೂ ಇದೆಯೇ?

ಇದೆ. ಕಲ್ಲುಹೂವು ಅಂದರೆ ಶಿಲೀಂಧ್ರ ಮತ್ತು ಪಾಚಿ ಪಾಲುದಾರರಾಗಿ ಒಟ್ಟಿಗೆ ಬಾಳುವ ಜೀವಿ. ನಾವು ಮಸಾಲೆಗೆ ಹುರಿದು ಹಾಕುವುದು ಪಾರ್ಮೊಟ್ರೀಮಾ ಕುಲದ್ದು. ಈ ಪುಟದ ಮುಖ್ಯ ಪಾತ್ರಧಾರಿ ಉಸ್ನಿಯಾ ಕುಲ. ಎರಡೂ ಪಾರ್ಮೆಲಿಯೇಸಿಯೆ ಅನ್ನುವ ಒಂದೇ ಕುಟುಂಬಕ್ಕೆ ಸೇರಿವೆ. ಪಶ್ಚಿಮ ಘಟ್ಟದ ಶೋಲಾ ಕಾಡುಗಳಲ್ಲಿ ಕೊಂಬೆಗಳಿಂದ ಗಡ್ಡದ ಹಾಗೆ ಇಳಿಬಿದ್ದಿರುವುದೂ ಉಸ್ನಿಯಾವೇ. ಅಂಟಾರ್ಕ್ಟಿಕಾದಲ್ಲಿ ಮರಗಳಿಲ್ಲವಾದ್ದರಿಂದ ಅಲ್ಲಿನ ಉಸ್ನಿಯಾ ಬಂಡೆಯ ಮೇಲೆ ಚಿಕ್ಕ ಪೊದೆಯಂತೆ ನೆಟ್ಟಗೆ ನಿಲ್ಲುತ್ತದೆ.

ಆ ಇಡೀ ಖಂಡದಲ್ಲಿ ಸಹಜವಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಎರಡೇ. ಕಲ್ಲುಹೂವುಗಳು ಮಾತ್ರ ಸುಮಾರು 400 ಪ್ರಭೇದ. ನೆಲದ ಮೇಲಿನ ಜೀವಲೋಕದಲ್ಲಿ ಅಲ್ಲಿ ಕಣ್ಣಿಗೆ ಕಾಣುವ ದೊಡ್ಡ ಪಾಲು ಇವುಗಳದ್ದು. ಹೀಗಿರುವಾಗ ಯಾವುದು ಯಾವುದೆಂದು ತಿಳಿಯದಿದ್ದರೆ ಅಲ್ಲಿನ ಪರಿಸರದ ಬಗ್ಗೆ ಏನು ಹೇಳಹೊರಟರೂ ಅಡಿಪಾಯ ಇರುವುದಿಲ್ಲ.

ಕಣ್ಣಿಂದ ನೋಡಿ ಗುರುತಿಸಲು ಏನು ಕಷ್ಟ?

ಉಸ್ನಿಯಾ ಅಂಟಾರ್ಕ್ಟಿಕಾ ಮತ್ತು ಉಸ್ನಿಯಾ ಔರಾಂಟಿಯಾಕೊಆಟ್ರಾ ಎಂಬ ಜೋಡಿಯನ್ನೇ ನೋಡೋಣ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಕ್ಕದ ದಕ್ಷಿಣ ಶೆಟ್ಲೆಂಡ್ ದ್ವೀಪಗಳಲ್ಲಿ ಎರಡೂ ಧಾರಾಳವಾಗಿವೆ, ಎಷ್ಟೋ ಕಡೆ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಎರಡರ ಬಣ್ಣವೂ ಹಳದಿ ಬೆರೆತ ಹಸಿರು, ತುದಿಯತ್ತ ಹೋದಂತೆ ಕಪ್ಪು. ಒದ್ದೆಯಾದ ಒಂದು ಕವಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಹೊರಗಿನ ತೊಗಟೆ ಬಳೆಬಳೆಯಾಗಿ ಬಿರಿದು ಒಳಗಿಂದ ಬಿಳಿ ದಾರದಂಥ ನಡುಎಳೆ ಕಾಣಿಸುತ್ತದೆ. ಉಸ್ನಿಯಾ ಎಂದು ಹೇಳಲು ಅಷ್ಟು ಸಾಕು. ಎರಡರಲ್ಲಿ ಯಾವುದು ಎಂಬುದಕ್ಕೆ ಲೆನ್ಸ್ ಬೇಕು.

ಉಸ್ನಿಯಾ ಅಂಟಾರ್ಕ್ಟಿಕಾದ ಕವಲುಗಳ ಮೇಲೆ ಅಲ್ಲಲ್ಲಿ ತೊಗಟೆ ಒಡೆದು ಪುಡಿ ಉದುರುತ್ತಿರುತ್ತದೆ. ಆ ಪುಡಿಯ ಒಂದೊಂದು ಕಣವೂ ಸೊರಿಡಿಯಾ: ಶಿಲೀಂಧ್ರದ ಎಳೆಗಳು ಸುತ್ತಿಕೊಂಡ ಕೆಲವು ಪಾಚಿ ಕೋಶಗಳು. ಗಾಳಿಗೆ ಹಾರಿ ಬಿದ್ದಲ್ಲಿ ಹೊಸ ಕಲ್ಲುಹೂವು ಹುಟ್ಟಬಹುದು, ಇಬ್ಬರು ಪಾಲುದಾರರೂ ಜೊತೆಯಲ್ಲೇ ಹೋಗುತ್ತಾರೆ. ಔರಾಂಟಿಯಾಕೊಆಟ್ರಾದಲ್ಲಿ ಪುಡಿ ಇಲ್ಲ. ಅದು ಕವಲಿನ ತುದಿಯಲ್ಲಿ ಅಪೊಥೀಸಿಯಾ ಎಂಬ ಕಪ್ಪು ತಟ್ಟೆಗಳನ್ನು ಬಿಡುತ್ತದೆ. ಅದರಿಂದ ಹೊರಡುವುದು ಶಿಲೀಂಧ್ರದ ಬೀಜಕ ಮಾತ್ರ. ಬೀಜಕ ಬಿದ್ದ ಜಾಗದಲ್ಲಿ ತಕ್ಕ ಪಾಚಿ ಸಿಗಬೇಕು, ಆಮೇಲೆಯೇ ಕಲ್ಲುಹೂವು.

ಚೆನ್ನಾಗಿ ಬೆಳೆದ ಮಾದರಿಯಲ್ಲಿ ಈ ವ್ಯತ್ಯಾಸ ಸ್ಪಷ್ಟ. ಎಳೆಯದರಲ್ಲಿ ಪುಡಿಯೂ ಇಲ್ಲ, ತಟ್ಟೆಯೂ ಇಲ್ಲ. ಗಾಳಿ, ಹಿಮದ ಹೊಡೆತಕ್ಕೆ ತುದಿ ಮುರಿದದ್ದಾದರೆ ನೋಡಬೇಕಾದ ಭಾಗವೇ ಹೋಗಿರುತ್ತದೆ. ಸಾಲದ್ದಕ್ಕೆ ಉಸ್ನಿಯಾ ಅಂಟಾರ್ಕ್ಟಿಕಾವೂ ಅಪರೂಪಕ್ಕೆ ತಟ್ಟೆ ಬಿಡುವುದುಂಟು.

ಹಾಗಾದರೆ ಅವೆರಡು ನಿಜಕ್ಕೂ ಬೇರೆಯೇ, ಒಂದರ ಎರಡು ರೂಪವೇ?

ದಶಕಗಳ ಕಾಲ ನಡೆದ ಚರ್ಚೆಯೇ ಇದು. ತಟ್ಟೆ ಬಿಡುವ ಒಂದು, ಅದನ್ನೇ ಹೋಲುತ್ತ ಪುಡಿಯಿಂದ ಹರಡುವ ಇನ್ನೊಂದು, ಹೀಗೆ ಜೋಡಿಯಾಗಿ ಇರುವ ಕಲ್ಲುಹೂವುಗಳು ಲೋಕದಲ್ಲಿ ಬೇಕಾದಷ್ಟಿವೆ. ಕಲ್ಲುಹೂವು ತಜ್ಞ ಯೋಸೆಫ್ ಪೋಯೆಲ್ಟ್ 1970ರ ಹೊತ್ತಿಗೆ ಇವಕ್ಕೆ 'ಪ್ರಭೇದ ಜೋಡಿ' ಎಂಬ ಚೌಕಟ್ಟು ಕೊಟ್ಟರು: ಬೀಜಕದಿಂದ ಹರಡುವುದು ಮೂಲ, ಪುಡಿಯಿಂದ ಹರಡುವುದು ಅದರಿಂದ ಕವಲೊಡೆದದ್ದು. ಒಪ್ಪುವವರು ಒಪ್ಪಿದರು. ಒಪ್ಪದವರು, ಹರಡುವ ರೀತಿ ಬೇರೆಯಾದ ಮಾತ್ರಕ್ಕೆ ಪ್ರಭೇದ ಬೇರೆಯಾಗುವುದಿಲ್ಲ, ಒಂದೇ ಜೀವಿ ಎರಡೂ ದಾರಿ ಹಿಡಿಯಬಹುದು ಎಂದರು.

ಡಿಎನ್‌ಎ ಬಂದ ಮೇಲೆ ಈ ಜೋಡಿಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. ಬಹಳಷ್ಟು ಜೋಡಿಗಳಲ್ಲಿ ಎರಡೂ ಬೆರೆತುಹೋಗಿ ಒಂದೇ ಎಂಬ ಉತ್ತರ ಬಂತು. ಉಸ್ನಿಯಾ ಜೋಡಿಯೂ ಮೊದಲ ಸುತ್ತಿನಲ್ಲಿ ಹಾಗೆಯೇ ಕಂಡಿತು.

ಕಲ್ಲುಹೂವಿನಲ್ಲಿ ಶಿಲೀಂಧ್ರ, ಪಾಚಿ ಎರಡೂ ಇವೆಯಲ್ಲ. ಯಾವುದರ ಡಿಎನ್‌ಎ ನೋಡುತ್ತಾರೆ?

ಹೆಸರಿಡುವ ಪ್ರಶ್ನೆಗೆ ಶಿಲೀಂಧ್ರದ್ದು. ನಾಮಕರಣದ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಕಲ್ಲುಹೂವಿಗೆ ಕೊಟ್ಟ ಹೆಸರು ಅದರೊಳಗಿನ ಶಿಲೀಂಧ್ರಕ್ಕೆ ಸಲ್ಲುತ್ತದೆ. ಪಾಚಿಗೆ ಅದರದೇ ಬೇರೆ ಹೆಸರು. ಉಸ್ನಿಯಾದ ಒಳಗಿರುವುದು ಟ್ರೆಬೌಕ್ಸಿಯಾ ಎಂಬ ಹಸಿರು ಪಾಚಿ.

ಪಾಚಿಯ ಡಿಎನ್‌ಎಯಿಂದ ಪ್ರಭೇದ ಗುರುತಿಸಲು ಆಗುವುದೇ ಇಲ್ಲವೇ?

ಧ್ರುವ ಪ್ರದೇಶದಲ್ಲಿ ಅದನ್ನು ನಂಬಿದರೆ ದಾರಿ ತಪ್ಪುತ್ತೀರಿ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಉದ್ದಕ್ಕೂ ಅಂಬಿಲಿಕೇರಿಯಾ ಕುಲದ ನಾಲ್ಕು ಪ್ರಭೇದಗಳನ್ನು ಪರೀಕ್ಷಿಸಿದ 2002ರ ಅಧ್ಯಯನದಲ್ಲಿ, ಬೇರೆ ಬೇರೆ ಶಿಲೀಂಧ್ರಗಳು ಒಂದೇ ಬಗೆಯ ಪಾಚಿಗಳನ್ನು ಹಂಚಿಕೊಂಡಿರುವುದು ಕಂಡುಬಂತು. ಕಠಿಣ ಹವೆಯಲ್ಲಿ ಸಿಕ್ಕ ಪಾಚಿಯೊಂದಿಗೆ ಹೊಂದಿಕೊಂಡವರಿಗೆ ಬದುಕು. ಎರಡೂ ಧ್ರುವಗಳ ಕಡೆ ಸಿಗುವ ಸೆಟ್ರೇರಿಯಾ ಅಕ್ಯುಲಿಯೇಟಾದಲ್ಲಿ ಪಾಚಿಯ ತಳಿ ಆಯಾ ಜಾಗದ ಹವಾಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ಪಾಚಿಯ ಡಿಎನ್‌ಎ ಊರಿನ ಹವೆಯ ಬಗ್ಗೆ ಹೇಳುತ್ತದೆ, ಕಲ್ಲುಹೂವಿನ ಹೆಸರಿನ ಬಗ್ಗೆ ಅಲ್ಲ. ಅದೂ ಬಹಳ ಬೆಲೆಯುಳ್ಳ ಮಾಹಿತಿಯೇ, ಆದರೆ ಬೇರೆ ಪ್ರಶ್ನೆಗೆ ಉತ್ತರ.

ಮಾರ್ಕರ್ ಅಂದರೆ ಏನು? ಯಾವುದನ್ನು ಮೊದಲು ಬಳಸುತ್ತಾರೆ?

ಡಿಎನ್‌ಎಯ ಒಂದು ಗೊತ್ತಾದ ತುಂಡು. ಎಲ್ಲ ಮಾದರಿಗಳಲ್ಲೂ ಅದೇ ತುಂಡನ್ನು ಹೊರತೆಗೆದು ಹೋಲಿಸುತ್ತೇವೆ. ತುಂಡು ಎಂಥದು ಎನ್ನುವುದರಲ್ಲೇ ಎಲ್ಲ ಇದೆ. ನಿಧಾನವಾಗಿ ಬದಲಾಗುವ ತುಂಡಿನಿಂದ ಕುಟುಂಬ, ಕುಲಗಳ ಸಂಬಂಧ ಬಿಡಿಸಬಹುದು. ಬೇಗ ಬದಲಾಗುವುದರಿಂದ ಒಂದೇ ದ್ವೀಪದ ಎರಡು ಗುಂಪುಗಳನ್ನೂ ಬೇರ್ಪಡಿಸಬಹುದು.

ಮೊದಲ ಆಯ್ಕೆ ಐಟಿಎಸ್. ರೈಬೋಸೋಮಿನ ಜೀನ್‌ಗಳ ನಡುವೆ ಇರುವ ತುಂಡು ಇದು, ಉದ್ದ ಐನೂರರಿಂದ ಆರುನೂರು ಅಕ್ಷರಗಳ ಆಸುಪಾಸು. ಒಂದೊಂದು ಕೋಶಕೇಂದ್ರದಲ್ಲೂ ಇದರ ಹಲವಾರು ಪ್ರತಿಗಳಿರುವುದರಿಂದ ಹಳೆಯ, ಸಣ್ಣ ಮಾದರಿಯಿಂದಲೂ ಸಿಗುತ್ತದೆ. 2012ರಲ್ಲಿ ಇದನ್ನೇ ಶಿಲೀಂಧ್ರಗಳ ಬಾರ್‌ಕೋಡ್ ಎಂದು ಒಪ್ಪಿಕೊಂಡರು. ಜೊತೆಗೆ ಮೈಟೊಕಾಂಡ್ರಿಯಾದ ಒಂದು ತುಂಡು, ಆರ್‌ಪಿಬಿ1, ಎಂಸಿಎಂ7, ಬೀಟಾ-ಟ್ಯೂಬುಲಿನ್ ಮುಂತಾದ ಪ್ರೋಟೀನ್ ಜೀನ್‌ಗಳನ್ನು ಸೇರಿಸುವುದು ರೂಢಿ.

ಐಟಿಎಸ್ ಒಂದೇ ಸಾಲದೇ?

ದೂರದ ಸಂಬಂಧಿಗಳಿಗೆ ಸಾಕು. ನಮ್ಮ ಜೋಡಿಗೆ ಸಾಲದು. ಏಕೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲೇ.

ಉಸ್ನಿಯಾ ಅಂಟಾರ್ಕ್ಟಿಕಾ ಮತ್ತು ಔರಾಂಟಿಯಾಕೊಆಟ್ರಾ ಮಾದರಿಗಳ ಐಟಿಎಸ್ ತೆಗೆದು ವಂಶವೃಕ್ಷ ಬರೆದರೆ ಎರಡರ ಕೊಂಬೆಗಳೂ ಹೆಣೆದುಕೊಂಡು ಬರುತ್ತವೆ. ಎಷ್ಟೋ ಮಾದರಿಗಳಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ. ಇದಕ್ಕೆ ಮೂರು ಕಾರಣ ಇರಬಹುದು. ಒಂದು, ಎರಡೂ ನಿಜಕ್ಕೂ ಒಂದೇ ಪ್ರಭೇದ. ಎರಡು, ಬೇರೆಯಾಗಿವೆ, ಆದರೆ ಆಗೀಗ ಕೂಡಿಕೆ ನಡೆದು ಜೀನ್‌ಗಳು ಅತ್ತಿತ್ತ ಹೋಗುತ್ತಿವೆ. ಮೂರು, ಬೇರೆಯಾಗಿವೆ, ಕೂಡಿಕೆಯೂ ಇಲ್ಲ, ಆದರೆ ಬೇರೆಯಾಗಿ ಹೆಚ್ಚು ಕಾಲ ಆಗಿಲ್ಲ.

ಮೂರನೆಯದು ಹೇಗೆಂದರೆ, ಕೂಡು ಕುಟುಂಬ ಪಾಲಾದಾಗ ಅಣ್ಣತಮ್ಮಂದಿರು ಒಂದೇ ಅಟ್ಟದ ಹಿತ್ತಾಳೆ ಪಾತ್ರೆಗಳನ್ನು ಹಂಚಿಕೊಂಡು ಹೋಗುತ್ತಾರೆ. ಮರುವರ್ಷ ಯಾರಾದರೂ ಎರಡೂ ಮನೆಯ ಪಾತ್ರೆ ಮಾತ್ರ ನೋಡಿದರೆ ಇವು ಎರಡು ಮನೆ ಎಂದು ಹೇಳಲಾರರು. ತಲೆಮಾರು ಕಳೆದಂತೆ ಹಳೆಯವು ಸವೆದು, ಹೊಸವು ಬಂದು, ಎರಡೂ ಮನೆಯ ಪಾತ್ರೆ ಬೇರೆಯಾಗುತ್ತವೆ. ಪೂರ್ವಜರಲ್ಲಿದ್ದ ಐಟಿಎಸ್ ರೂಪಗಳು ಎರಡೂ ಪ್ರಭೇದಗಳಿಗೆ ಹೀಗೆಯೇ ಹಂಚಿಹೋಗಿ, ಇನ್ನೂ ಸವೆಯದೆ ಉಳಿದಿರಬಹುದು.

ಐಟಿಎಸ್ ಒಂದರಿಂದಲೇ ಈ ಮೂರರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಆಗದು. "ಡಿಎನ್‌ಎ ಒಂದೇ ಬಂದಿದೆ, ಆದ್ದರಿಂದ ಪ್ರಭೇದ ಒಂದೇ" ಎಂಬ ಮಾತು ಕೇಳಿದಾಗಲೆಲ್ಲ ಯಾವ ಮಾರ್ಕರ್ ಬಳಸಿದ್ದೀರಿ ಎಂದು ನಾನು ಮೊದಲು ಕೇಳುವುದು ಇದಕ್ಕೇ. ಮಾರ್ಕರ್ ಬದಲಾಗುವ ವೇಗಕ್ಕೂ ಪ್ರಭೇದಗಳು ಅಗಲಿದ ಕಾಲಕ್ಕೂ ತಾಳೆ ಇರಬೇಕು. ತಾಳೆ ಇಲ್ಲದ ಮಾರ್ಕರ್ ಏನನ್ನೂ ಬೇರ್ಪಡಿಸದೆ ಸುಮ್ಮನಿದ್ದರೆ, ಆ ಮೌನ ಯಾವುದಕ್ಕೂ ಸಾಕ್ಷಿಯಲ್ಲ.

ಹಾಗಾದರೆ ಆ ಜೋಡಿಯ ಪ್ರಶ್ನೆ ಬಗೆಹರಿದದ್ದು ಹೇಗೆ?

ಮೈಕ್ರೋಸ್ಯಾಟಲೈಟ್‌ಗಳಿಂದ. ಡಿಎನ್‌ಎಯಲ್ಲಿ ಅಲ್ಲಲ್ಲಿ 'ಸಿಎಸಿಎಸಿಎಸಿಎ' ಎಂದು ಒಂದೇ ಜೋಡಣೆ ಮತ್ತೆ ಮತ್ತೆ ಬರುವ ಜಾಗಗಳಿವೆ. ಪ್ರತಿ ತಯಾರಾಗುವಾಗ ಇಂಥಲ್ಲಿ ಲೆಕ್ಕ ತಪ್ಪುವುದು ಹೆಚ್ಚು: ಹನ್ನೆರಡು ಸಲ ಇದ್ದದ್ದು ಹದಿಮೂರಾಗುತ್ತದೆ, ಹನ್ನೊಂದಾಗುತ್ತದೆ. ಹಾಗಾಗಿ ಇವು ಐಟಿಎಸ್‌ಗಿಂತ ಬಹಳ ಬೇಗ ಬದಲಾಗುತ್ತವೆ. ಅಕ್ಷರಗಳನ್ನು ಓದುವ ಬದಲು ತುಂಡಿನ ಉದ್ದ ಅಳೆಯುತ್ತಾರೆ. ಇಂಥ ಅನೇಕ ಜಾಗಗಳ ಉದ್ದಗಳನ್ನು ಒಟ್ಟಿಗೆ ಇಟ್ಟರೆ ಒಂದೊಂದು ಮಾದರಿಗೂ ತನ್ನದೇ ಅಂಕಿಗಳ ಸಾಲು ಸಿಗುತ್ತದೆ.

ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ಸಂಸ್ಥೆಯ ಕ್ರಿಶ್ಚಿಯನ್ ಪ್ರಿಂಟ್ಸೆನ್ ಮತ್ತು ಎಲಿಸಾ ಲಾಗೊಸ್ಟಿನಾ ಅವರ ತಂಡ ಈ ಶಿಲೀಂಧ್ರಕ್ಕೆಂದೇ ಮೈಕ್ರೋಸ್ಯಾಟಲೈಟ್‌ಗಳನ್ನು ಹುಡುಕಿ ತೆಗೆಯಿತು. 2018ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಉಸ್ನಿಯಾ ಮಾದರಿಗಳು ಎರಡು ಸ್ಪಷ್ಟ ಗುಂಪುಗಳಾಗಿ ಬಿದ್ದವು. ಆ ಗುಂಪುಗಳು ಪುಡಿ ಇರುವವು, ತಟ್ಟೆ ಇರುವವು ಎಂಬ ಹಳೆಯ ವಿಂಗಡಣೆಗೆ ಹೊಂದಿಕೊಂಡವು. ಒಂದೇ ಜಾಗದಲ್ಲಿ ಜೊತೆಗೆ ಬೆಳೆದರೂ ಗುಂಪು ಬೇರೆಯೇ ಉಳಿದದ್ದು ಇದರಲ್ಲಿ ಮುಖ್ಯ. ದೂರದೂರದ ದ್ವೀಪಗಳಲ್ಲಿ ಬೆಳೆದವು ಬೇರೆಯಾಗಿ ಕಂಡರೆ ಅದು ಬರೀ ದೂರದ ಪರಿಣಾಮ ಎನ್ನಬಹುದಿತ್ತು. ಪಕ್ಕಪಕ್ಕದಲ್ಲಿದ್ದೂ ಬೆರೆಯುತ್ತಿಲ್ಲವೆಂದರೆ ನಡುವೆ ಗೋಡೆ ಇದೆ ಎಂದೇ ಅರ್ಥ.

ಅದೇ ವರ್ಷ ಶಿಕಾಗೊದ ಫೀಲ್ಡ್ ಮ್ಯೂಸಿಯಮ್ಮಿನ ಫೆಲಿಕ್ಸ್ ಗ್ರೆವೆ, ಥಾರ್ಸ್ಟೆನ್ ಲುಂಬ್ಷ್ ಮೊದಲಾದವರು ಪ್ರಿಂಟ್ಸೆನ್ ತಂಡದೊಂದಿಗೆ ಸೇರಿ ಇನ್ನೊಂದು ದಾರಿ ಹಿಡಿದರು: ರ‍್ಯಾಡ್ ಸೀಕ್ವೆನ್ಸಿಂಗ್. ಗೊತ್ತಾದ ಅಕ್ಷರಜೋಡಣೆ ಬಂದಲ್ಲೆಲ್ಲ ಕತ್ತರಿಸುವ ಕಿಣ್ವದಿಂದ ಇಡೀ ಜೀನೋಮನ್ನು ತುಂಡರಿಸಿ, ಕತ್ತರಿಸಿದ ಅಂಚಿನ ಪಕ್ಕದ ಭಾಗಗಳನ್ನು ಸಾವಿರಗಟ್ಟಲೆ ಓದುವ ವಿಧಾನ ಅದು. ಅಲ್ಲಿಯೂ ಎರಡು ಪ್ರಭೇದಗಳು ಎಂಬ ಉತ್ತರವೇ ಬಂತು. ಎರಡು ಬೇರೆ ಬಗೆಯ ದತ್ತಾಂಶ ಒಂದೇ ಕಡೆ ಬೆರಳು ತೋರಿದ್ದರಿಂದ ನನ್ನ ಮಟ್ಟಿಗೆ ಈ ಜೋಡಿಯ ಪ್ರಶ್ನೆ ಮುಗಿದಿದೆ. ಲೆನ್ಸ್ ಹಿಡಿದು ನೋಡಿ ಹೆಸರಿಟ್ಟ ಹಳಬರು ಸರಿಯಾಗಿಯೇ ಕಂಡಿದ್ದರು.

ಯಾವಾಗಲೂ ಹೀಗೆ ಹಳೆಯ ವಿಂಗಡಣೆಯೇ ಗೆಲ್ಲುತ್ತದೆಯೇ?

ಇಲ್ಲ. ಉತ್ತರ ಧ್ರುವದ ಕಡೆಯ ಥಾಮ್ನೋಲಿಯಾವನ್ನು ನೋಡಿ. ನೆಲದ ಮೇಲೆ ಬಿದ್ದ ಬಿಳಿ ಹುಳುಗಳಂತೆ ಕಾಣುವ ಕಲ್ಲುಹೂವು ಅದು. ಟಂಡ್ರಾದಲ್ಲೂ ಎತ್ತರದ ಪರ್ವತಗಳಲ್ಲೂ ಸಿಗುತ್ತದೆ, ಹಿಮಾಲಯದಲ್ಲೂ ಇದೆ. ತಟ್ಟೆ, ಬೀಜಕ ಇವು ಅದರಲ್ಲಿ ಕಂಡೇ ಇಲ್ಲ. ನೋಡಲು ಹಿಡಿತ ಸಿಗುವ ಲಕ್ಷಣಗಳು ಇಲ್ಲದ್ದರಿಂದ ರಾಸಾಯನಿಕದ ಮೇಲೆ ಎರಡಾಗಿ ವಿಂಗಡಿಸಿದ್ದರು. ಅತಿನೇರಳೆ ದೀಪದ ಕೆಳಗೆ ಹೊಳೆದರೆ ಸುಬುಲಿಫಾರ್ಮಿಸ್, ಹೊಳೆಯದಿದ್ದರೆ ವರ್ಮಿಕ್ಯುಲಾರಿಸ್. ಹೊಳೆಯುವುದು ಸ್ಕ್ವಾಮ್ಯಾಟಿಕ್ ಮತ್ತು ಬಿಯೊಮೈಸೆಸಿಕ್ ಆಮ್ಲಗಳು ಇರುವವು, ಹೊಳೆಯದೇ ಇರುವುದು ಥಾಮ್ನೋಲಿಕ್ ಆಮ್ಲ ಇರುವವು.

ಸ್ವೀಡನ್ನಿನ ಸಂಶೋಧಕರು ಲೋಕದ ನಾನಾ ಕಡೆಯ ಮಾದರಿಗಳಿಂದ ಹಲವು ಜೀನ್‌ಗಳನ್ನು ಓದಿ 2017ರಲ್ಲಿ ಪ್ರಕಟಿಸಿದಾಗ ಮೂರು ವಂಶಗಳು ಕಂಡವು, ಮತ್ತು ಅವು ರಾಸಾಯನಿಕ ವಿಂಗಡಣೆಗೆ ಹೊಂದಲಿಲ್ಲ. ಒಂದೇ ವಂಶದೊಳಗೆ ಹೊಳೆಯುವವೂ ಇದ್ದವು, ಹೊಳೆಯದವೂ ಇದ್ದವು. ಮರುವರ್ಷ ಅವುಗಳಲ್ಲಿ ಉತ್ತರದ ಟಂಡ್ರಾಕ್ಕೆ ಸೇರಿದ ವಂಶಕ್ಕೆ ಥಾಮ್ನೋಲಿಯಾ ಟಂಡ್ರೆ ಎಂದು ಹೊಸ ಹೆಸರಿಟ್ಟರು. ಹಿಮಯುಗವನ್ನು ಉತ್ತರದಲ್ಲೇ ಕಳೆದು ಉಳಿದುಕೊಂಡದ್ದಿರಬೇಕು ಎಂಬುದು ಅವರ ಅಂದಾಜು. ಹೊರನೋಟದಲ್ಲಿ ಗುರುತಿಸಲಾಗದ ಇಂಥ ಅಡಗಿದ ಪ್ರಭೇದಗಳು ಧ್ರುವದಲ್ಲಿ ಇನ್ನೂ ಇರುವುದರಲ್ಲಿ ನನಗೆ ಅನುಮಾನವಿಲ್ಲ. ಬಂಡೆಗೆ ಹೊರಪದರದಂತೆ ಅಂಟಿಕೊಂಡ ಲೆಸಿಡಿಯಾದಂಥ ಕುಲಗಳಲ್ಲಿ ಲೆನ್ಸಿಗೆ ಸಿಗುವ ಲಕ್ಷಣಗಳೇ ಕಡಿಮೆ. ಅಂಟಾರ್ಕ್ಟಿಕಾದ ಲೆಸಿಡಿಯಾಗಳನ್ನು ಡಿಎನ್‌ಎ ಜೊತೆಗಿಟ್ಟು ಮತ್ತೆ ನೋಡಿದಾಗ 2010ರಲ್ಲಿ ಹೊಸ ಪ್ರಭೇದವೇ ಹೊರಬಂತು.

ಪ್ರಯೋಗಾಲಯದಲ್ಲಿ ಕೆಲಸ ಹೇಗೆ ನಡೆಯುತ್ತದೆ? ಎಲ್ಲಿ ಎಡವುತ್ತಾರೆ?

ಮೊದಲು ಶುಚಿ. ಕಲ್ಲುಹೂವಿನ ಮೇಲೆ ಧೂಳು, ಬೇರೆ ಶಿಲೀಂಧ್ರ, ಪಕ್ಕದ ಕಲ್ಲುಹೂವಿನ ಪುಡಿ ಎಲ್ಲ ಇರುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಕವಲಿನ ಶುಭ್ರವಾದ ಒಂದು ತುಂಡು ಆರಿಸಿ, ಬ್ಲೇಡಿನಿಂದ ತೊಗಟೆ ಸೀಳಿ, ಚಿಮಟಿಯಲ್ಲಿ ನಡುಎಳೆಯನ್ನು ಹೊರಕ್ಕೆಳೆದರೆ ಉಸ್ನಿಯಾದಲ್ಲಿ ಬಹುತೇಕ ಬರೀ ಶಿಲೀಂಧ್ರವೇ ಸಿಗುತ್ತದೆ. ಪಾಚಿ ಇರುವುದು ತೊಗಟೆಯ ಕೆಳಪದರದಲ್ಲಿ, ನಡುಎಳೆಯಲ್ಲಿ ಅಲ್ಲ. ಈ ಅನುಕೂಲ ಬೇರೆ ಹೆಚ್ಚಿನ ಕಲ್ಲುಹೂವುಗಳಲ್ಲಿ ಇಲ್ಲ.

ಆಮೇಲೆ ಆಮ್ಲಗಳ ಕಾಟ. ಉಸ್ನಿಕ್ ಆಮ್ಲ ಮೊದಲಾದವು ಡಿಎನ್‌ಎ ಜೊತೆಯಲ್ಲಿ ಬಂದುಬಿಟ್ಟರೆ ಪಿಸಿಆರ್, ಅಂದರೆ ಬೇಕಾದ ತುಂಡನ್ನು ಅಸಂಖ್ಯ ಪ್ರತಿ ಮಾಡುವ ಕ್ರಿಯೆ, ನಿಂತುಹೋಗುತ್ತದೆ. ತುಂಡನ್ನು ಅಸಿಟೋನಿನಲ್ಲಿ ನೆನೆಸಿಟ್ಟರೆ ಆಮ್ಲ ಕರಗಿ ಹೊರಬರುತ್ತದೆ. ಆ ಅಸಿಟೋನನ್ನು ಚೆಲ್ಲಬೇಡಿ: ಅದೇ ದ್ರವದಿಂದ ತೆಳುಪದರ ಕ್ರೊಮ್ಯಾಟೊಗ್ರಫಿ ಮಾಡಿದರೆ ಆ ಮಾದರಿಯ ರಾಸಾಯನಿಕವೂ ತಿಳಿಯುತ್ತದೆ. ಒಂದೇ ತುಂಡಿನಿಂದ ಎರಡು ಬಗೆಯ ಮಾಹಿತಿ ಸಿಗುವುದು ಸಣ್ಣ ಲಾಭವಲ್ಲ. ಅಂಟುಅಂಟಾದ ಸಕ್ಕರೆಯಂಥ ಪದಾರ್ಥಗಳನ್ನು ತೆಗೆಯಲು ಸಿಟಿಎಬಿ ವಿಧಾನ ಒಳ್ಳೆಯದು.

ಪಿಸಿಆರ್‌ಗೆ ಶಿಲೀಂಧ್ರವನ್ನು ಮಾತ್ರ ಹಿಡಿಯುವ ಪ್ರೈಮರ್ (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಚಿಕ್ಕ ಡಿಎನ್‌ಎ ತುಂಡು) ಬೇಕು. ಹೊಸ ಮೈಕ್ರೋಸ್ಯಾಟಲೈಟ್ ಬಳಸುವುದಾದರೆ ಶುದ್ಧ ಪಾಚಿಯ ಡಿಎನ್‌ಎ ಮೇಲೂ ಒಮ್ಮೆ ಓಡಿಸಿ, ಅಲ್ಲಿ ಏನೂ ಬರಬಾರದು. ಕಲ್ಲುಹೂವಿನ ಮೈಯಲ್ಲಿರುವ ಶಿಲೀಂಧ್ರದಲ್ಲಿ ವರ್ಣತಂತುಗಳು ಒಂದೇ ಸೆಟ್ ಇರುವುದರಿಂದ ಒಂದು ಜಾಗಕ್ಕೆ ಒಂದೇ ಉದ್ದ ಬರಬೇಕು. ಪರದೆಯ ಮೇಲೆ ಎರಡು ಶಿಖರ ಕಂಡರೆ ಎರಡು ಕಲ್ಲುಹೂವು ಬೆರೆತಿವೆ, ಇಲ್ಲವೇ ಪ್ರೈಮರ್ ಬೇರೇನನ್ನೋ ಹಿಡಿದಿದೆ. ಅಂಥ ಮಾದರಿಯನ್ನು ಲೆಕ್ಕಕ್ಕೆ ಸೇರಿಸುವ ಮುನ್ನ ಮೊದಲಿಂದ ಮಾಡುವುದೇ ಸರಿ.

ಹರ್ಬೇರಿಯಂನಲ್ಲಿ (ಒಣಗಿಸಿದ ಮಾದರಿಗಳ ಸಂಗ್ರಹಾಲಯದಲ್ಲಿ) ಇಟ್ಟ ಹಳೆಯ ಮಾದರಿಗಳಿಂದ ಡಿಎನ್‌ಎ ಸಿಗುತ್ತದೆಯೇ?

ಒಣಗಿಸಿ ಚೆನ್ನಾಗಿ ಇಟ್ಟಿದ್ದರೆ ಎಷ್ಟೋ ಸಲ ಸಿಗುತ್ತದೆ, ಆದರೆ ಚೂರುಚೂರಾಗಿ. ಐಟಿಎಸ್ ಅನ್ನು ಎರಡು ಅರ್ಧಗಳಾಗಿ ತೆಗೆಯಬೇಕಾಗಬಹುದು. ಹೆಸರಿಗೆ ಆಧಾರವಾದ ಮೂಲ ಮಾದರಿಯಿಂದ ತುಂಡು ಕೇಳುವ ಮುನ್ನ ಮಾತ್ರ ಹತ್ತು ಸಲ ಯೋಚಿಸಿ. ಅದು ಮತ್ತೆ ಬೆಳೆಯುವುದಿಲ್ಲ.

ನನ್ನ ಸೀಕ್ವೆನ್ಸ್ (ಓದಿದ ಡಿಎನ್‌ಎ ಅಕ್ಷರಗಳ ಸಾಲು) ಸಾರ್ವಜನಿಕ ಭಂಡಾರವಾದ ಜೀನ್‌ಬ್ಯಾಂಕಿನಲ್ಲಿ ಒಂದು ಹೆಸರಿಗೆ 99% ಹೊಂದಿದೆ. ಆ ಹೆಸರನ್ನೇ ಬರೆಯಬಹುದೇ?

ಬೇಡ. ಪಾರ್ಮೆಲಿಯೇಸಿಯೆ ಕುಟುಂಬದಲ್ಲಿ ಐಟಿಎಸ್ ವ್ಯತ್ಯಾಸ ಸುಮಾರು 1.5ರಿಂದ 1.7% ದಾಟಿದರೆ ಬೇರೆ ಪ್ರಭೇದ ಇರಬಹುದೆಂಬ ಒಂದು ಅಳತೆಯನ್ನು 2010ರಲ್ಲಿ ಸೂಚಿಸಿದ್ದರು. ಅಳತೆಗೋಲು ಇದ್ದರೆ ಕೆಲಸ ಸಲೀಸು, ನಿಜ. ಆದರೆ ಮೇಲೆ ಹೇಳಿದ ಉಸ್ನಿಯಾ ಜೋಡಿಯಲ್ಲಿ 100% ಹೊಂದುವ ಸೀಕ್ವೆನ್ಸ್‌ಗಳು ಎರಡು ಬೇರೆ ಹೆಸರಿನಡಿ ಇವೆ. ಅಲ್ಲಿ ಶೇಕಡಾವಾರು ಲೆಕ್ಕದಿಂದ ಏನೂ ತಿಳಿಯದು.

ಇನ್ನೊಂದು, ಜೀನ್‌ಬ್ಯಾಂಕಿನ ಹೆಸರುಗಳು ಅದನ್ನು ಹಾಕಿದವರು ಕೊಟ್ಟವು. ತಪ್ಪು ಗುರುತು, ಹಳೆಯ ಹೆಸರು, ಕಲ್ಲುಹೂವಿನ ಮೇಲೆ ಬೆಳೆದ ಬೇರೆ ಶಿಲೀಂಧ್ರದ ಸೀಕ್ವೆನ್ಸ್ ಎಲ್ಲವೂ ಅಲ್ಲಿವೆ. ಹೊಂದಿದ ಸೀಕ್ವೆನ್ಸ್ ಯಾವ ಮಾದರಿಯದು, ಅದು ಯಾವ ಹರ್ಬೇರಿಯಂನಲ್ಲಿದೆ, ಗುರುತಿಸಿದವರು ಯಾರು ಎಂದು ನೋಡಿ. ಮಾದರಿಯ ಸಂಖ್ಯೆಯೇ ಇಲ್ಲದಿದ್ದರೆ ಅದನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ.

ಸಾಫ್ಟ್‌ವೇರ್ ನನ್ನ ಮಾದರಿಗಳನ್ನು ಐದು ಗುಂಪು ಮಾಡಿದೆ. ಐದು ಪ್ರಭೇದ ಎನ್ನಬಹುದೇ?

ಗುಂಪು ಬೇರೆ, ಪ್ರಭೇದ ಬೇರೆ. ಸ್ಟ್ರಕ್ಚರ್‌ನಂಥ ಸಾಫ್ಟ್‌ವೇರ್ ಮಾಡುವುದು ಜೀನ್‌ಗಳ ಹೋಲಿಕೆಯ ಮೇಲೆ ಗುಂಪು ಕಟ್ಟುವ ಕೆಲಸ. ಎರಡು ದ್ವೀಪಗಳ ನಡುವೆ ಓಡಾಟ ಕಡಿಮೆ ಇದ್ದರೆ ಒಂದೇ ಪ್ರಭೇದ ಎರಡು ಗುಂಪಾಗಿ ಕಾಣುತ್ತದೆ. ಪ್ರಭೇದ ವಿಂಗಡಣೆಗೆಂದೇ ಮಾಡಿದ ವಿಧಾನಗಳೂ ಇದರಿಂದ ಹೊರತಲ್ಲ. ಅವು ಹಲವು ಸಲ ಪ್ರಭೇದವನ್ನಲ್ಲ, ಬರೀ ಸಮೂಹಗಳ ರಚನೆಯನ್ನು ಗುರುತಿಸುತ್ತವೆ ಎಂದು ಸುಕುಮಾರನ್ ಮತ್ತು ನೋಲ್ಸ್ 2017ರಲ್ಲಿ ತೋರಿಸಿಕೊಟ್ಟರು. ಧ್ರುವದಲ್ಲಿ ಮಂಜುಗಡ್ಡೆ ಇಲ್ಲದ ನೆಲಗಳು ಒಂದಕ್ಕೊಂದು ದೂರ ಇರುವುದರಿಂದ ಈ ಅಪಾಯ ಹೆಚ್ಚು.

ಗುಂಪುಗಳು ಒಂದೇ ಜಾಗದಲ್ಲಿ ಸಿಗುತ್ತವೆಯೇ, ಸಿಕ್ಕರೂ ಬೆರೆಯುವುದಿಲ್ಲವೇ, ರೂಪದಲ್ಲೋ ರಾಸಾಯನಿಕದಲ್ಲೋ ಹರಡುವ ರೀತಿಯಲ್ಲೋ ಬೇರೆ ಇವೆಯೇ, ಬೇರೆ ಬೇರೆ ಜೀನ್‌ಗಳು ಅದನ್ನೇ ಹೇಳುತ್ತವೆಯೇ? ಇವುಗಳಲ್ಲಿ ಎರಡು ಮೂರಾದರೂ ಹೌದು ಎಂದಾದ ಮೇಲೆ ಹೆಸರಿಡುವ ಮಾತು.

ಇಷ್ಟೆಲ್ಲ ಕಷ್ಟ ಏಕೆ? ಎರಡನ್ನೂ ಒಂದೇ ಎಂದುಕೊಂಡರೆ ಏನಾಗುತ್ತದೆ?

ಇದು ನನಗೆ ಅತಿ ಮುಖ್ಯ ಎನಿಸುವ ಪ್ರಶ್ನೆ. ಈ ಜೀವಿಗಳು ಬೆಳೆಯುವ ವೇಗ ನೋಡಿ. ಅಂಟಾರ್ಕ್ಟಿಕಾದ ಒಣ ಕಣಿವೆಗಳಲ್ಲಿ ಬ್ಯುವೆಲ್ಲಿಯಾ ಫ್ರಿಜಿಡಾ ಒಂದು ಸೆಂಟಿಮೀಟರ್ ಬೆಳೆಯಲು ಸುಮಾರು ಸಾವಿರ ವರ್ಷ ಹಿಡಿಯುತ್ತದೆ. ಸಮುದ್ರದ ಪಕ್ಕದ ದ್ವೀಪಗಳಲ್ಲಿ ಬೆಳವಣಿಗೆ ಇದಕ್ಕಿಂತ ಎಷ್ಟೋ ಬೇಗ, ಆದರೂ ಕಾಲಿಟ್ಟು ಪುಡಿ ಮಾಡಿದ ಉಸ್ನಿಯಾ ಪೊದೆ ನಮ್ಮ ಜೀವಿತಾವಧಿಯಲ್ಲಿ ಮೊದಲಿನಂತೆ ಆಗುತ್ತದೆಂದು ನಂಬಿ ಕೂರುವಂತಿಲ್ಲ.

ಪುಡಿಯಿಂದ ಹರಡುವುದು ಬೂಟು, ಬಟ್ಟೆ, ಚೀಲಗಳಿಗೆ ಅಂಟಿಕೊಂಡು ಒಂದು ನೆಲೆಯಿಂದ ಇನ್ನೊಂದಕ್ಕೆ ಹೋಗಬಹುದು, ಇಬ್ಬರು ಪಾಲುದಾರರೂ ಅದರಲ್ಲೇ ಇರುತ್ತಾರಲ್ಲ. ಬೀಜಕದಿಂದ ಹರಡುವುದರ ಲೆಕ್ಕ ಬೇರೆ. ಅಂಟಾರ್ಕ್ಟಿಕಾದ ಹಿಮವಿಲ್ಲದ ನೆಲವನ್ನು ಈಗ 16 ಜೈವಿಕ ವಲಯಗಳಾಗಿ ವಿಂಗಡಿಸಿದ್ದಾರೆ. ಒಂದು ವಲಯದ ಜೀವಿಯನ್ನು ನಾವೇ ಇನ್ನೊಂದಕ್ಕೆ ಸಾಗಿಸದಂತೆ ಎಚ್ಚರ ವಹಿಸಬೇಕು. ಸಾಗಿಸಿದ್ದೇವೆಯೇ ಎಂದು ಪತ್ತೆ ಹಚ್ಚಲೂ ಬೇಗ ಬದಲಾಗುವ ಮಾರ್ಕರ್‌ಗಳೇ ಬೇಕು. ಎರಡು ಪ್ರಭೇದಗಳನ್ನು ಒಂದರಲ್ಲಿ ಕಲಸಿ ಅಳೆದರೆ ಬರುವ ಅಂಕಿ ಎರಡಕ್ಕೂ ಸುಳ್ಳು: ಒಂದರ ವೈವಿಧ್ಯ ಇನ್ನೊಂದರ ಲೆಕ್ಕಕ್ಕೆ ಸೇರಿ, ಅಪಾಯದಲ್ಲಿರುವುದೂ ಸುಭದ್ರವಾಗಿ ಕಾಣುತ್ತದೆ.

ಭಾರತದವರು ಅಲ್ಲಿ ಮಾದರಿ ತೆಗೆಯಬಹುದೇ?

ಅನುಮತಿ ಇದ್ದರೆ. ಅಂಟಾರ್ಕ್ಟಿಕಾದಲ್ಲಿ ಶಿರ್ಮಾಕರ್ ಓಯಸಿಸ್‌ನಲ್ಲಿ ಮೈತ್ರಿ, ಲಾರ್ಸ್‌ಮನ್ ಗುಡ್ಡಗಳಲ್ಲಿ ಭಾರತಿ, ಉತ್ತರದಲ್ಲಿ ಸ್ವಾಲ್ಬಾರ್ಡಿನ ನೀ-ಓಲೆಸುಂಡ್‌ನಲ್ಲಿ 2008ರಿಂದ ಹಿಮಾದ್ರಿ, ಇವು ನಮ್ಮ ನೆಲೆಗಳು. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇವನ್ನು ನೋಡಿಕೊಳ್ಳುತ್ತದೆ. 1991ರ ಮ್ಯಾಡ್ರಿಡ್ ಒಡಂಬಡಿಕೆ ಮತ್ತು ನಮ್ಮದೇ 2022ರ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆ ಪ್ರಕಾರ ಅಲ್ಲಿನ ಸಸ್ಯ, ಕಲ್ಲುಹೂವು ಯಾವುದನ್ನೂ ಪರವಾನಗಿ ಇಲ್ಲದೆ ಕೀಳುವಂತಿಲ್ಲ. ಒಂದು ಪರೀಕ್ಷೆಗೆ ಕವಲಿನ ತುದಿಯಷ್ಟು ಸಾಕು, ಇಡೀ ಪೊದೆ ಕೀಳಬೇಕಾಗಿಲ್ಲ.

ಕರ್ನಾಟಕದಲ್ಲಿ ಕುಳಿತು ಇದನ್ನು ಕಲಿಯಲು ಶುರುಮಾಡುವುದು ಹೇಗೆ?

ಇಲ್ಲಿನ ಉಸ್ನಿಯಾದಿಂದಲೇ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಗಾಳಿಗೆ ಬಿದ್ದ ಕೊಂಬೆಗಳ ಮೇಲೆ ಸಿಗುತ್ತದೆ. ಅರಣ್ಯ ಪ್ರದೇಶವಾದರೆ ಇಲಾಖೆಯ ಅನುಮತಿ ಕಡ್ಡಾಯ. ತೊಗಟೆ ಸೀಳಿ ನಡುಎಳೆ ತೆಗೆಯುವುದು, ಅಸಿಟೋನ್ ತೊಳೆತ, ಐಟಿಎಸ್ ಪಿಸಿಆರ್ ಎಲ್ಲವೂ ಅಲ್ಲಿಗೂ ಇಲ್ಲಿಗೂ ಒಂದೇ. ಲೆನ್ಸ್ ಅಭ್ಯಾಸ ಮೊದಲು ಆಗಲಿ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರೀಯ ಸಂಶೋಧನಾ ಸಂಸ್ಥೆಯಲ್ಲಿ ದೇಶದ ದೊಡ್ಡ ಕಲ್ಲುಹೂವು ಸಂಗ್ರಹ ಇದೆ, ಅಂಟಾರ್ಕ್ಟಿಕಾದಿಂದ ತಂದವೂ ಅಲ್ಲಿವೆ. ಗುರುತಿಸಿದ ಮಾದರಿಗಳ ಪಕ್ಕ ನಿಮ್ಮದನ್ನು ಇಟ್ಟು ನೋಡುವುದಕ್ಕೆ ಸಮನಾದ ಪಾಠ ಇಲ್ಲ.

ಎಲ್ಲ ಮಾಡಿದ ಮೇಲೂ ಯಾವುದೆಂದು ತಿಳಿಯದಿದ್ದರೆ ಲಕೋಟೆಯ ಮೇಲೆ ಏನು ಬರೆಯಲಿ?

ತಿಳಿದಷ್ಟನ್ನು ಬರೆಯಿರಿ. ಪುಡಿಯೂ ತಟ್ಟೆಯೂ ಇಲ್ಲದ, ಐಟಿಎಸ್ ಮಾತ್ರ ಸಿಕ್ಕಿದ ಎಳೆಯ ಮಾದರಿಯಾದರೆ 'ಉಸ್ನಿಯಾ ಅಂಟಾರ್ಕ್ಟಿಕಾ–ಔರಾಂಟಿಯಾಕೊಆಟ್ರಾ ಗುಂಪು' ಎಂದು ಬರೆದು, ಸಿಕ್ಕ ಜಾಗದ ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಬಂಡೆಯೋ ಮಾಸ್ ಸಸ್ಯದ ಹಾಸೋ, ಪಕ್ಕದಲ್ಲಿ ಬೆಳೆದ ಇತರ ಉಸ್ನಿಯಾಗಳಲ್ಲಿ ಪುಡಿ ಇತ್ತೇ ತಟ್ಟೆ ಇತ್ತೇ, ಯಾವ ಮಾರ್ಕರ್ ಓಡಿಸಿದ್ದೀರಿ, ಡಿಎನ್‌ಎ ಟ್ಯೂಬಿನ ಸಂಖ್ಯೆ ಎಷ್ಟು, ಇಷ್ಟನ್ನೂ ಸೇರಿಸಿ. ಕಾಗದದ ಲಕೋಟೆಯಲ್ಲಿ ಪೂರ್ತಿ ಒಣಗಿಸಿ ಇಡಿ, ಪ್ಲಾಸ್ಟಿಕ್ ಚೀಲ ಬೇಡ. ಉಳಿದ ಡಿಎನ್‌ಎಯನ್ನು ಮೈನಸ್ 20 ಡಿಗ್ರಿಯಲ್ಲಿ ಜೋಪಾನ ಮಾಡಿ. ಮುಂದೆ ಮೈಕ್ರೋಸ್ಯಾಟಲೈಟ್ ಓಡಿಸುವವರು ಅದೇ ಟ್ಯೂಬಿನಿಂದ ಹೆಸರನ್ನು ಪೂರ್ತಿ ಮಾಡಬಹುದು.